ಹಳೇ ಕಟ್ಟಡದ ಖರ್ಚು ಇಳಿಸುವುದು: ಹೊಸ ಯಂತ್ರ ಕೊಳ್ಳುವ ಮೊದಲು ಮಾಡಬೇಕಾದ ಕೆಲಸ

ನಮಸ್ಕಾರ ಸರ್. ನಿಮ್ಮ ಪ್ರಶ್ನೆ ಓದಿದೆ. ಐದು ಮಹಡಿಯ ಹಳೇ ಕಚೇರಿ ಕಟ್ಟಡ. ಕರೆಂಟ್ ಬಿಲ್ಲು, ನೀರಿನ ಬಿಲ್ಲು ಎರಡೂ ಏರುತ್ತಲೇ ಇವೆ. ಹಳೇ ಚಿಲ್ಲರ್ (ಇಡೀ ಕಟ್ಟಡದ ಎಸಿಗೆ ನೀರು ತಣ್ಣಗೆ ಮಾಡಿಕೊಡುವ ಯಂತ್ರ) ಕಿತ್ತು ಹೊಸದು ಹಾಕೋಣ, ಛಾವಣಿ ಮೇಲೆ ಸೋಲಾರ್ ಕೂರಿಸೋಣ ಅಂತ ಕಮಿಟಿಯವರು ಹೇಳುತ್ತಿದ್ದಾರೆ. ಎರಡರಲ್ಲಿ ಯಾವುದು ಮೊದಲು ಅಂತ ಕೇಳಿದ್ದೀರಿ.

ಈಗಲೇ ಎರಡೂ ಬೇಡ ಅನ್ನುವುದು ನನ್ನ ಸಲಹೆ. ಒಂದು ವರ್ಷ ಇರುವ ಯಂತ್ರಗಳನ್ನೇ ಸರಿಯಾಗಿ ಓಡಿಸಿ ನೋಡಿ. ಆಮೇಲೆ ಏನು ಕೊಳ್ಳಬೇಕು, ಎಷ್ಟು ದೊಡ್ಡದು ಕೊಳ್ಳಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಮೇಂಟೆನೆನ್ಸ್ ಕೆಲಸದಲ್ಲೇ ಇರುವವನು ನಾನು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಇದೇ ತೊಂದರೆ ಇರುವ ಬೇರೆಯವರಿಗೂ ಆಗಲಿ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಅಮೆರಿಕದ ಲಾರೆನ್ಸ್ ಬರ್ಕ್ಲಿ ನ್ಯಾಷನಲ್ ಲ್ಯಾಬೊರೇಟರಿ 2009ರಲ್ಲಿ ನೂರಾರು ಕಟ್ಟಡಗಳ ಲೆಕ್ಕ ಒಟ್ಟು ಹಾಕಿತ್ತು. ಇರುವ ವ್ಯವಸ್ಥೆಯನ್ನೇ ತಪಾಸಣೆ ಮಾಡಿ, ಸೆಟ್ಟಿಂಗ್ ಸರಿಪಡಿಸಿ, ಕೆಟ್ಟಿದ್ದನ್ನು ರಿಪೇರಿ ಮಾಡಿದ ಹಳೇ ಕಟ್ಟಡಗಳಲ್ಲಿ ನಡುಮಟ್ಟದ ಉಳಿತಾಯ ಶೇ. 16ರಷ್ಟು ಬಂತು. ಹಾಕಿದ ದುಡ್ಡು ಸುಮಾರು ಒಂದು ವರ್ಷದಲ್ಲೇ ವಾಪಸ್ ಬಂತು. ಹೊಸ ಚಿಲ್ಲರ್‌ಗೆ ಹಾಕಿದ ದುಡ್ಡು ಅಷ್ಟು ಬೇಗ ವಾಪಸ್ ಬರುವುದು ಬಹಳ ಕಷ್ಟ.

ಶುರು ಮೀಟರ್‌ನಿಂದ. ಕಳೆದ ಎರಡು ಮೂರು ವರ್ಷದ ಬಿಲ್ ತೆಗೆಯಿರಿ. ದುಡ್ಡಿನ ಅಂಕಿ ಬಿಟ್ಟು ಯೂನಿಟ್ ಮಾತ್ರ ತಿಂಗಳುವಾರು ಬರೆದುಕೊಳ್ಳಿ. ದರ ಬದಲಾಗುತ್ತಾ ಇರುತ್ತದೆ, ದುಡ್ಡು ನೋಡಿದರೆ ದಾರಿ ತಪ್ಪುತ್ತದೆ. ವರ್ಷದ ಒಟ್ಟು ಯೂನಿಟ್ಟನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿ. ಚದರ ಅಡಿಯಲ್ಲಿದ್ದರೆ ಮೊದಲು 10.76ರಿಂದ ಭಾಗಿಸಿ ಚದರ ಮೀಟರ್ ಮಾಡಿಕೊಳ್ಳಿ. ಚದರ ಮೀಟರ್‌ಗೆ ವರ್ಷಕ್ಕೆ ಇಷ್ಟು ಯೂನಿಟ್ ಅನ್ನುವ ಒಂದು ಅಂಕಿ ಬರುತ್ತದೆ. ಮುಂದೆ ಏನೇ ಮಾಡಿದರೂ ಈ ಅಂಕಿ ಇಳಿಯಿತಾ ಅಂತಲೇ ನೋಡಬೇಕು.

ಇನ್ನು ರಾತ್ರಿಯ ಲೆಕ್ಕ. ನನ್ನ ಪ್ರಕಾರ ಇಡೀ ಉತ್ತರದಲ್ಲಿ ಇದೇ ಮುಖ್ಯ, ದಯವಿಟ್ಟು ಇದನ್ನು ಬಿಡಬೇಡಿ. ವಾರಕ್ಕೆ 168 ಗಂಟೆ. ದಿನಕ್ಕೆ 10 ಗಂಟೆಯಂತೆ ಆರು ದಿನ ಕಚೇರಿ ನಡೆದರೂ ಆಗುವುದು 60 ಗಂಟೆ. ಉಳಿದ 108 ಗಂಟೆ ಒಳಗೆ ಯಾರೂ ಇರುವುದಿಲ್ಲ. ಆ ಹೊತ್ತಿನಲ್ಲಿ ಕಟ್ಟಡ ಎಷ್ಟು ಕರೆಂಟ್ ಎಳೆಯುತ್ತಿದೆ? ಸೆಕ್ಯುರಿಟಿಯವರಿಗೆ ಹೇಳಿ ರಾತ್ರಿ 11ಕ್ಕೆ ಒಂದು ರೀಡಿಂಗ್, ಬೆಳಿಗ್ಗೆ 5ಕ್ಕೆ ಒಂದು ರೀಡಿಂಗ್ ಬರೆಸಿ. ಎರಡರ ವ್ಯತ್ಯಾಸವನ್ನು 6ರಿಂದ ಭಾಗಿಸಿದರೆ ರಾತ್ರಿಯ ಲೋಡ್ ಕಿಲೋವ್ಯಾಟ್‌ನಲ್ಲಿ ಸಿಗುತ್ತದೆ. ಮೀಟರ್‌ಗೆ ಗುಣಕ ಇದ್ದರೆ ಅದರಿಂದ ಗುಣಿಸಲು ಮರೆಯಬೇಡಿ. ಎರಡು ವಾರ ಬರೆಸಿ, ರಜಾ ದಿನಗಳೂ ಸೇರಲಿ.

ಆ ಲೋಡ್‌ನಲ್ಲಿ ಬರೀ 10 ಕಿಲೋವ್ಯಾಟ್ ಬೇಡದ್ದು ಅಂತ ಇಟ್ಟುಕೊಳ್ಳಿ. ವಾರಕ್ಕೆ 1,080 ಯೂನಿಟ್, ವರ್ಷಕ್ಕೆ 56,000 ದಾಟುತ್ತದೆ. ಯಾರ ಉಪಯೋಗಕ್ಕೂ ಬಾರದ ಕರೆಂಟ್ ಅದು. ಸೋಲಾರ್ ಹಾಕಿದರೂ ಇದು ನಿಲ್ಲುವುದಿಲ್ಲ, ರಾತ್ರಿ ಬಿಸಿಲು ಇರುವುದಿಲ್ಲ ಅಲ್ವಾ?

ಏನು ಓಡುತ್ತಿದೆ ಅಂತ ಕಂಡುಹಿಡಿಯಲು ರಜಾ ದಿನದ ಸಂಜೆ ಎಲೆಕ್ಟ್ರಿಷಿಯನ್ ಜೊತೆ ಪೂರ್ತಿ ಕಟ್ಟಡ ನಡೆದು ನೋಡಿ. ಟಾಯ್ಲೆಟ್ ಎಕ್ಸಾಸ್ಟ್ ಫ್ಯಾನ್, ಬೇಸ್‌ಮೆಂಟ್ ಫ್ಯಾನ್, ಯಾರೂ ಇಲ್ಲದ ಮಹಡಿಯ ಎಎಚ್‌ಯು (ಮಹಡಿಗೆ ತಣ್ಣನೆ ಗಾಳಿ ಊದುವ ಯಂತ್ರ), ನೀರು ಬಿಸಿ ಮಾಡುವ ಗೀಸರ್, ಚಿಲ್ಲರ್ ನಿಂತರೂ ಓಡುವ ಪಂಪು. ಸಾಮಾನ್ಯವಾಗಿ ಸಿಗುವುದು ಇವೇ. ಒಂದೊಂದು ಫೀಡರ್‌ಗೆ (ಪ್ಯಾನೆಲ್‌ನಿಂದ ಹೊರಡುವ ಲೈನ್) ಕ್ಲ್ಯಾಂಪ್ ಮೀಟರ್ (ವೈರ್ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ಆಂಪಿಯರ್ ಬರೆದುಕೊಳ್ಳಿ. ಸುಮ್ನೆ ಬ್ರೇಕರ್ ಆಫ್ ಮಾಡಿ ನೋಡುವುದು ಬೇಡ. ಫೈರ್ ಪಂಪ್, ಫೈರ್ ಅಲಾರ್ಮ್, ಲಿಫ್ಟ್, ಸರ್ವರ್ ಲೈನುಗಳನ್ನು ಯಾವ ಕಾರಣಕ್ಕೂ ಮುಟ್ಟಬಾರದು.

ಅದೇ ಸುತ್ತಿನಲ್ಲಿ ಎಲ್ಲ ಪ್ಯಾನೆಲ್‌ಗಳ ಹ್ಯಾಂಡ್–ಆಟೋ ಸ್ವಿಚ್ ನೋಡಿ. ಆಟೋದಲ್ಲಿದ್ದರೆ ಯಂತ್ರ ಟೈಮರ್, ಸೆನ್ಸರ್ ಹೇಳಿದಂತೆ ಓಡುತ್ತದೆ, ಹ್ಯಾಂಡ್‌ನಲ್ಲಿದ್ದರೆ ಸುಮ್ಮನೆ ಓಡುತ್ತಲೇ ಇರುತ್ತದೆ. ಎಷ್ಟು ಹ್ಯಾಂಡ್‌ನಲ್ಲಿವೆ ಅಂತ ಎಣಿಸಿ. ಯಾವತ್ತೋ ಒಂದು ದಿನ ಯಾರೋ ಸೆಕೆ ಅಂತ ದೂರು ಕೊಟ್ಟಿರುತ್ತಾರೆ, ಆಪರೇಟರ್ ಹ್ಯಾಂಡ್‌ಗೆ ಹಾಕಿರುತ್ತಾರೆ, ವಾಪಸ್ ಆಟೋಗೆ ಬಂದೇ ಇರುವುದಿಲ್ಲ. ಟೈಮರ್, ಸೆನ್ಸರ್, ಕಂಟ್ರೋಲ್ ಸಿಸ್ಟಮ್ ಎಲ್ಲ ಇದ್ದೂ ಇಲ್ಲದಂತೆ. ಇದಕ್ಕೆ ಆಪರೇಟರ್‌ನ ಬೈಯಬೇಡಿ. ದೂರು ಬಂದಾಗ ಅವರಿಗೆ ಬೇರೆ ದಾರಿ ಇರಲಿಲ್ಲ. ಹ್ಯಾಂಡ್‌ಗೆ ಹಾಕಿದರೆ ಯಾಕೆ, ಯಾವ ತಾರೀಕು, ಯಾವಾಗ ವಾಪಸ್ ಅಂತ ಪ್ಯಾನೆಲ್ ಮೇಲೆ ಚೀಟಿ ಅಂಟಿಸುವ ರೂಢಿ ಮಾಡಿ. ಇಷ್ಟೇ ಸಾಕು.

ಈಗ ಎಸಿ ಪ್ಲಾಂಟ್. ಕೆಲಸ ಜಾಸ್ತಿ ಇರುವುದು ಇಲ್ಲೇ. ಮೊದಲು ಸಮಯ: ಜನ ಬರುವ ಎಷ್ಟು ಹೊತ್ತಿನ ಮುಂಚೆ ಶುರು ಮಾಡುತ್ತಿದ್ದಾರೆ? ದಿನಕ್ಕೆ ಹತ್ತು ನಿಮಿಷ ತಡ ಮಾಡುತ್ತಾ ಹೋಗಿ, ಬೆಳಿಗ್ಗೆ ದೂರು ಬರುವ ಗಡಿ ಗೊತ್ತಾಗುತ್ತದೆ. ಸಂಜೆ ಕಚೇರಿ ಮುಗಿಯುವ ಅರ್ಧ ಗಂಟೆ ಮುಂಚೆ ಚಿಲ್ಲರ್ ನಿಲ್ಲಿಸಿ ಪಂಪು, ಫ್ಯಾನ್ ಮಾತ್ರ ಓಡಿಸಿ ನೋಡಿ. ಪೈಪಿನಲ್ಲಿರುವ ತಣ್ಣೀರೇ ಅಷ್ಟು ಹೊತ್ತು ಸಾಲುತ್ತದೆ.

ಆಮೇಲೆ ಸೆಟ್ ಪಾಯಿಂಟ್, ಅಂದರೆ ಎಷ್ಟು ಡಿಗ್ರಿಗೆ ಇಟ್ಟಿದ್ದಾರೆ ಅನ್ನುವುದು. ಥರ್ಮೋಸ್ಟಾಟ್ ಪಕ್ಕ ಒಂದು ಒಳ್ಳೆಯ ಥರ್ಮಾಮೀಟರ್ ಇಟ್ಟು ಹೋಲಿಸಿ. ಎರಡು ಡಿಗ್ರಿ ತಪ್ಪು ತೋರಿಸುವ ಸೆನ್ಸರ್ ಅಪರೂಪವೇನಲ್ಲ. ಪ್ರಿಂಟರ್ ಮೇಲೆ, ಬಿಸಿಲು ಬೀಳುವ ಗೋಡೆ ಮೇಲೆ ಸೆನ್ಸರ್ ಇದ್ದರೆ ಜಾಗ ಬದಲಿಸಿ. ಚಿಲ್ಲರ್‌ನಿಂದ ಹೊರಬರುವ ನೀರಿನ ಸೆಟ್ಟಿಂಗನ್ನು ತಂಪು ದಿನಗಳಲ್ಲಿ ಒಂದು ಡಿಗ್ರಿ ಏರಿಸಿದರೂ ಚಿಲ್ಲರ್ ಎಳೆಯುವ ಕರೆಂಟ್ ಸಾಮಾನ್ಯವಾಗಿ ಶೇ. 2–3 ಇಳಿಯುತ್ತದೆ. ಆದರೆ ಒಳಗಿನ ತೇವಾಂಶ ನೋಡಿಕೊಂಡು ಏರಿಸಿ. ಮಳೆಗಾಲದಲ್ಲಿ ಜಾಸ್ತಿ ಏರಿಸಿದರೆ ಒಳಗೆ ಜಿಗುಟು, ಗೋಡೆಗೆ ಬೂಷ್ಟು.

ಚಿಲ್ಲರ್ ಹಳೆಯದಾಯಿತು ಅಂತ ಹೇಳುವ ಮೊದಲು ಕಂಡೆನ್ಸರ್ (ಗ್ಯಾಸಿನ ಶಾಖವನ್ನು ನೀರಿಗೆ ಬಿಡುವ ಭಾಗ) ನೋಡಿ. ಒಳಗಿನ ಗ್ಯಾಸ್ ದ್ರವವಾಗುವ ಉಷ್ಣತೆಗೂ, ಕಂಡೆನ್ಸರ್‌ನಿಂದ ಹೊರಬರುವ ನೀರಿನ ಉಷ್ಣತೆಗೂ ಇರುವ ಅಂತರವನ್ನು ದಿನಾ ಬರೆಸಿ. ಅಪ್ರೋಚ್ ಅನ್ನುತ್ತಾರೆ. ಲೋಡ್ ಅಷ್ಟೇ ಇದ್ದು ಈ ಅಂತರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಟ್ಯೂಬಿನೊಳಗೆ ಸುಣ್ಣದ ಪದರ ಕಟ್ಟುತ್ತಿದೆ ಅಂತ ಅನುಮಾನಿಸಬೇಕು. ಟ್ಯೂಬ್ ಬ್ರಷ್ ಹೊಡೆಸಿ ಮತ್ತೆ ಅಳೆಯಿರಿ. ಎಷ್ಟೋ ಕಡೆ ಮುದಿಯಾಯಿತು ಅಂದುಕೊಂಡ ಚಿಲ್ಲರ್ ಇಷ್ಟರಲ್ಲೇ ಚೇತರಿಸಿಕೊಳ್ಳುತ್ತದೆ.

ಫ್ಯಾನ್, ಪಂಪುಗಳ ವಿಷಯದಲ್ಲಿ ಒಂದು ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಫ್ಯಾನಿನ ವೇಗವನ್ನು ಶೇ. 20 ಇಳಿಸಿದರೆ ಕರೆಂಟ್ ಶೇ. 20 ಅಲ್ಲ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವೇಗದ ಘನಕ್ಕೆ ತಕ್ಕಂತೆ ಶಕ್ತಿ ಬದಲಾಗುವುದೇ ಕಾರಣ. ಡ್ಯಾಂಪರ್ (ಗಾಳಿ ಹೋಗುವ ದಾರಿಯ ಕದ) ಅರ್ಧ ಮುಚ್ಚಿ, ವಾಲ್ವ್ ತಿರುಗಿಸಿ ಗಾಳಿ–ನೀರು ಕಮ್ಮಿ ಮಾಡಿರುವ ಕಡೆ ವಿಎಫ್‌ಡಿ (ಮೋಟಾರಿನ ವೇಗ ಏರಿಳಿಸುವ ಸಾಧನ) ಹಾಕಿದರೆ ಲಾಭ ಇದೆ. ಈಗಾಗಲೇ ವಿಎಫ್‌ಡಿ ಇದ್ದರೆ ಅದು 50 ಹರ್ಟ್ಸ್‌ನಲ್ಲೇ, ಅಂದರೆ ಪೂರ್ತಿ ವೇಗದಲ್ಲೇ, ನಿಂತಿದೆಯಾ ನೋಡಿ, ಹಾಗೆ ನಿಂತಿರುವುದೇ ಜಾಸ್ತಿ. ಒಂದು ಎಚ್ಚರ: ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವ ಪಂಪಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಎತ್ತರವನ್ನು ದಾಟಲೇಬೇಕು, ವೇಗ ಒಂದು ಮಟ್ಟಕ್ಕಿಂತ ಇಳಿಸಿದರೆ ನೀರೇ ಏರುವುದಿಲ್ಲ.

ಫಿಲ್ಟರ್, ಬೆಲ್ಟ್, ಕಾಯಿಲ್ ತೊಳೆಯುವುದು ನಿಮಗೆ ಗೊತ್ತೇ ಇದೆ, ಬಿಡಿ. ಫಿಲ್ಟರ್ ಎರಡೂ ಬದಿಗೆ ಒತ್ತಡ ತೋರಿಸುವ ಸಣ್ಣ ಗೇಜ್ ಹಾಕಿಸಿದರೆ ತಾರೀಕು ನೋಡಿ ಬದಲಿಸುವ ಬದಲು ನಿಜವಾಗಿ ಕಟ್ಟಿಕೊಂಡಾಗ ಬದಲಿಸಬಹುದು.

ಕರೆಂಟ್ ಉಳಿಸುವ ಹುಮ್ಮಸ್ಸಿನಲ್ಲಿ ಹೊರಗಾಳಿಯ ಡ್ಯಾಂಪರ್ ಮಾತ್ರ ಮುಚ್ಚಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಒಳಗೆ ಕೂರುವವರ ಆರೋಗ್ಯ ಕೆಡಿಸಿ ಉಳಿಸುವ ಯೂನಿಟ್ ಉಳಿತಾಯವೇ ಅಲ್ಲ. ಒಂದು ಇಂಗಾಲದ ಡೈಆಕ್ಸೈಡ್ ಮೀಟರ್ ಕೊಂಡು ಮೀಟಿಂಗ್ ರೂಮಿನಲ್ಲಿ ಇಡಿ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 420 ಭಾಗ) ಆಸುಪಾಸು ಇರುತ್ತದೆ. ಒಳಗೆ 1,000 ದಾಟಿ ನಿಂತರೆ ಇರುವ ಜನಕ್ಕೆ ಹೊರಗಾಳಿ ಸಾಲುತ್ತಿಲ್ಲ ಅಂತ ತಿಳಿಯಬೇಕು. ಬಿಸಿನೀರಿನದೂ ಹಾಗೇ. ದೊಡ್ಡ ಟ್ಯಾಂಕಿನಲ್ಲಿ ಬಿಸಿನೀರು ಶೇಖರಿಸುತ್ತಿದ್ದರೆ 60 ಡಿಗ್ರಿಗಿಂತ ಇಳಿಸಬೇಡಿ. ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದರಿಂದ ನ್ಯುಮೋನಿಯಾ ಬರುತ್ತದೆ. ನಲ್ಲಿಯಲ್ಲಿ ಕೈ ಸುಡದಂತೆ ಮಿಕ್ಸಿಂಗ್ ವಾಲ್ವ್ ಹಾಕಿಸಿ.

ಬಿಲ್ಲಿನಲ್ಲಿ ಕಾಣದ ಒಂದು ನಷ್ಟ ಎಸಿ ಗ್ಯಾಸಿನದು. ಪ್ರತಿ ವರ್ಷ ಗ್ಯಾಸ್ ತುಂಬಿಸುತ್ತಿದ್ದರೆ ಅದನ್ನು ಸರ್ವಿಸ್ ಅಂದುಕೊಳ್ಳಬೇಡಿ. ಎಲ್ಲೋ ಸೋರುತ್ತಿದೆ. ಆರ್-410ಎ ಗ್ಯಾಸ್ ಒಂದು ಕಿಲೋ ಸೋರಿದರೆ ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಅದು ಎರಡು ಟನ್ ಇಂಗಾಲದ ಡೈಆಕ್ಸೈಡ್‌ಗೆ ಸಮ. ಹಳೇ ಆರ್-22 ಕೂಡ ಅದರ ಹತ್ತಿರ ಹತ್ತಿರವೇ ಇದೆ, ಮೇಲಾಗಿ ಓಝೋನ್ ಪದರವನ್ನೂ ಹಾಳು ಮಾಡುತ್ತದೆ. ಯಾವ ಯಂತ್ರಕ್ಕೆ ಎಷ್ಟು ಕಿಲೋ ತುಂಬಿಸಿದರು ಅಂತ ಪುಸ್ತಕದಲ್ಲಿ ಬರೆಸಿ. ಸೋರಿಕೆ ಹುಡುಕಿ ಮುಚ್ಚದೆ ಗ್ಯಾಸ್ ತುಂಬಬಾರದು ಅಂತ ಎಎಂಸಿ (ವಾರ್ಷಿಕ ನಿರ್ವಹಣೆ) ಕರಾರಿನಲ್ಲೇ ಸೇರಿಸಿ.

ನೀರಿಗೆ ಬರೋಣ. ಇಲ್ಲೂ ರಾತ್ರಿಯ ರೀಡಿಂಗೇ ಮೊದಲ ಪರೀಕ್ಷೆ. ಯಾರೂ ಇಲ್ಲದಾಗ ನೀರಿನ ಮೀಟರ್ ತಿರುಗುತ್ತಿದ್ದರೆ, ಟ್ಯಾಂಕೂ ತುಂಬುತ್ತಿಲ್ಲದಿದ್ದರೆ, ಸೋರಿಕೆ ಖಂಡಿತ. ಮೊದಲ ಅನುಮಾನ ಫ್ಲಷ್ ಟ್ಯಾಂಕ್‌ಗಳ ಮೇಲೆ ಇರಲಿ. ಟ್ಯಾಂಕಿಗೆ ಸ್ವಲ್ಪ ಬಣ್ಣ ಹಾಕಿ, ಹತ್ತು ನಿಮಿಷ ಫ್ಲಷ್ ಮಾಡದೆ ಬಿಡಿ. ಕಮೋಡ್‌ನಲ್ಲಿ ಬಣ್ಣ ಕಂಡರೆ ಒಳಗಿನ ರಬ್ಬರ್ ಹೋಗಿದೆ. ಸದ್ದಿಲ್ಲದೆ ಸೋರುವ ಒಂದೇ ಟ್ಯಾಂಕ್ ದಿನಕ್ಕೆ ನೂರಾರು ಲೀಟರ್ ಕಳೆಯಬಲ್ಲದು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕುವ ನಲ್ಲಿ ದಿನಕ್ಕೆ ಸುಮಾರು 30 ಲೀಟರ್. ಹಾಗೇ ಓವರ್‌ಹೆಡ್ ಟ್ಯಾಂಕಿನ ಫ್ಲೋಟ್ ನೋಡಿ. ನೀರು ಓವರ್‌ಫ್ಲೋ ಪೈಪಿನಲ್ಲಿ ಹರಿದು ಡ್ರೈನ್ ಸೇರುತ್ತಿದ್ದರೆ ನೀರು, ಕರೆಂಟ್ ಎರಡೂ ಒಟ್ಟಿಗೆ ಹೋಗುತ್ತಿರುತ್ತವೆ.

ಕೂಲಿಂಗ್ ಟವರ್‌ಗೆ (ಕಂಡೆನ್ಸರ್‌ನಿಂದ ಬರುವ ಬಿಸಿ ನೀರನ್ನು ಗಾಳಿಯಲ್ಲಿ ತಣಿಸುವ ಗೋಪುರ) ಬೇರೆ ನೀರಿನ ಮೀಟರ್ ಇಲ್ಲದಿದ್ದರೆ ಇವತ್ತೇ ಹಾಕಿಸಿ. ನೀರು ಆವಿಯಾದಂತೆ ಲವಣ ಗಟ್ಟಿಯಾಗುತ್ತದೆ, ಅದಕ್ಕೇ ಸ್ವಲ್ಪ ಸ್ವಲ್ಪ ಹೊರಬಿಡುತ್ತಾರೆ. ವಾಲ್ವನ್ನು ಯಾವಾಗಲೂ ತೆರೆದೇ ಇಟ್ಟಿದ್ದರೆ ಒಳ್ಳೆಯ ನೀರೂ ಹೋಗುತ್ತದೆ. ಲವಣ ಮೂರು ಪಟ್ಟಾದಾಗ ಬಿಡುತ್ತಿದ್ದುದನ್ನು ಆರು ಪಟ್ಟಿಗೆ ಏರಿಸಿದರೆ ಟವರ್‌ಗೆ ತುಂಬುವ ನೀರು ಶೇ. 20 ಇಳಿಯುತ್ತದೆ. ಆದರೆ ನಿಮ್ಮ ನೀರಿನ ಗಡಸುತನ ಪರೀಕ್ಷಿಸಿ, ನೀರಿನ ಟ್ರೀಟ್‌ಮೆಂಟ್ ಮಾಡುವವರ ಜೊತೆ ಕೂತು ಮಾತಾಡಿಯೇ ಏರಿಸಿ. ಇಲ್ಲದಿದ್ದರೆ ಮೇಲೆ ಹೇಳಿದ ಸುಣ್ಣದ ಪದರ ಇನ್ನೂ ಬೇಗ ಕಟ್ಟುತ್ತದೆ.

ದೀಪಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೇ ಟ್ಯೂಬ್‌ಲೈಟ್ ಉಳಿದಿದ್ದರೆ ಎಲ್‌ಇಡಿ ಮಾಡಿ. ಮೆಟ್ಟಿಲು, ಟಾಯ್ಲೆಟ್, ಸ್ಟೋರ್ ರೂಮಿಗೆ ಸೆನ್ಸರ್ ಹಾಕಿ. ಕಿಟಕಿ ಪಕ್ಕದ ಸಾಲಿಗೆ ಬೇರೆ ಸ್ವಿಚ್ ಕೊಡಿ. ಮೇಲಿನ ಮಹಡಿ ಬಿಸಿಲಿಗೆ ಕಾದು ಬಿಸಿಯಾಗುತ್ತಿದ್ದರೆ ಛಾವಣಿಗೆ ಬಿಸಿಲು ಹಿಂದಿರುಗಿಸುವ ಬಿಳಿ ಬಣ್ಣ ಹೊಡೆಸಿ, ಮೊದಲು ವಾಟರ್‌ಪ್ರೂಫಿಂಗ್ ಸರಿ ಇದೆಯಾ ನೋಡಿಕೊಂಡು. ಬಾಗಿಲು, ಕಿಟಕಿ ಸಂದುಗಳಿಗೆ ರಬ್ಬರ್ ಪಟ್ಟಿ ಹಾಕಿಸಿ. ಮುಖ್ಯ ಬಾಗಿಲಲ್ಲಿ ಹತ್ತು ಅಡಿ ಉದ್ದದ ಕಾಲೊರೆಸು ಹಾಸಿದರೆ ಧೂಳು ಒಳಗೆ ಬರುವುದೇ ಕಮ್ಮಿ. ಒರೆಸುವ ಕೆಲಸ, ಫಿನಾಯಿಲ್ ಖರ್ಚು, ಫಿಲ್ಟರ್ ಕಟ್ಟಿಕೊಳ್ಳುವುದು ಮೂರೂ ಇಳಿಯುತ್ತವೆ.

ಕೊಳ್ಳುವ ಕೆಲಸ ಕೊನೆಗೆ ಯಾಕೆ ಅನ್ನುವುದಕ್ಕೆ ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಬಿಲ್ಡಿಂಗ್ ಒಳ್ಳೆಯ ಉದಾಹರಣೆ. 1931ರ ಕಟ್ಟಡ. ಅದನ್ನು ನವೀಕರಿಸುವಾಗ 6,500ಕ್ಕೂ ಹೆಚ್ಚು ಕಿಟಕಿಗಳ ಹಳೇ ಗಾಜನ್ನು ಎಸೆಯದೆ, ಕಟ್ಟಡದೊಳಗೇ ಕೆಲಸದ ಜಾಗ ಮಾಡಿಕೊಂಡು, ಮಧ್ಯೆ ತೆಳು ಪದರ ಕೂರಿಸಿ ವಾಪಸ್ ಹಾಕಿದರು. ರೇಡಿಯೇಟರ್‌ಗಳ ಹಿಂದೆ ಶಾಖ ತಡೆಯುವ ಹೊದಿಕೆ ಹಾಕಿದರು. ದೀಪ, ಕಂಟ್ರೋಲ್ ಸರಿಮಾಡಿದರು. ಇದರಿಂದ ತಂಪು ಮಾಡಬೇಕಾದ ಲೋಡೇ ಇಳಿದು, ಚಿಲ್ಲರ್‌ಗಳನ್ನು ದೊಡ್ಡದು ಮಾಡುವ ಬದಲು ಹಳೆಯವನ್ನೇ ದುರಸ್ತಿ ಮಾಡಿ ಉಳಿಸಿಕೊಂಡರು. ಒಟ್ಟು ಇಂಧನದಲ್ಲಿ ಶೇ. 38 ಉಳಿಸುವ ಗುರಿ ಇಟ್ಟುಕೊಂಡಿದ್ದರು. ಲೋಡ್ ಇಳಿಸದೆ ನೀವು ಈಗಲೇ ಹೊಸ ಚಿಲ್ಲರ್ ಕೊಂಡರೆ ಈಗಿನ ಸೋರಿಕೆ, ಪೋಲಾಗುತ್ತಿರುವುದಕ್ಕೂ ಸೇರಿಸಿ ಸೈಜ್ ಮಾಡುತ್ತಾರೆ. ಸೋಲಾರ್ ಕೂಡ ಹಾಗೇ.

ಆದರೆ ಮುಂದಿನ ಪಟ್ಟಿ ಈಗಲೇ ಮಾಡಿಡಿ. ಯಾವ ಮೋಟಾರು ಸುಟ್ಟರೆ ಅದರ ಜಾಗಕ್ಕೆ ಯಾವ ಐಇ3 (ಹೆಚ್ಚು ದಕ್ಷತೆಯ ದರ್ಜೆ) ಮೋಟಾರು, ಎಷ್ಟು ಎಚ್‌ಪಿ ಅಂತ ಮೊದಲೇ ಬರೆದಿಟ್ಟು ಒಪ್ಪಿಗೆ ತೆಗೆದುಕೊಳ್ಳಿ. ಸುಟ್ಟ ದಿನದ ಗಡಿಬಿಡಿಯಲ್ಲಿ ಮತ್ತೆ ರಿವೈಂಡಿಂಗ್‌ಗೇ (ಸುಟ್ಟ ತಂತಿ ಬದಲಿಸಿ ಸುತ್ತಿಸಲು) ಕಳಿಸುತ್ತಾರೆ. ಸರಿಯಾಗಿ ಆಗದ ರಿವೈಂಡಿಂಗ್‌ನಿಂದ ಮೋಟಾರಿನ ದಕ್ಷತೆ ಇಳಿಯುತ್ತದೆ.

ಕಡೆಯದಾಗಿ ಆಪರೇಟರ್‌ಗಳು. ಆ ಕಟ್ಟಡದ ಸದ್ದು, ವಾಸನೆ ಎಲ್ಲ ಗೊತ್ತಿರುವವರು ಅವರೇ. ಕಮಿಟಿ ಮೀಟಿಂಗಿಗೆ ಅವರನ್ನೂ ಕರೆಯಿರಿ. ಲಾಗ್‌ಬುಕ್‌ನಲ್ಲಿ ನಲವತ್ತು ಕಾಲಂ ಇಟ್ಟರೆ ಯಾರೂ ನಿಜ ಬರೆಯುವುದಿಲ್ಲ. ಎಂಟು ಹತ್ತು ಅಂಕಿ ಸಾಕು, ಆದರೆ ವಾರಕ್ಕೊಮ್ಮೆ ನೀವು ಕೂತು ಓದಿ, ಅವರ ಎದುರೇ ಪ್ರಶ್ನೆ ಕೇಳಿ. ಯಾರೋ ಓದುತ್ತಾರೆ ಅಂತ ಗೊತ್ತಾದರೆ ಬರೆಯುವವರೂ ಶ್ರದ್ಧೆಯಿಂದ ಬರೆಯುತ್ತಾರೆ.

ಎರಡು ವಾರದ ರಾತ್ರಿ ರೀಡಿಂಗ್ ಆದ ಮೇಲೆ ಇಲ್ಲೇ ಹಾಕಿ ಸರ್. ಜೊತೆಗೆ ವಿಸ್ತೀರ್ಣ, ತಿಂಗಳುವಾರು ಯೂನಿಟ್, ಚಿಲ್ಲರ್ ನೇಮ್‌ಪ್ಲೇಟ್ ಫೋಟೋ, ಒಂದು ದಿನದ ಚಿಲ್ಲರ್ ಲಾಗ್ ಇರಲಿ. ಎಸಿ ಪ್ಲಾಂಟ್ ಬಗ್ಗೆ ನನಗಿಂತ ಚೆನ್ನಾಗಿ ಗೊತ್ತಿರುವವರು ಈ ಗುಂಪಿನಲ್ಲಿದ್ದಾರೆ, ಅವರೂ ನೋಡಿ ಹೇಳಲಿ.