ಬೈಗುಳ ಇದೆ ಅಂತ ಪುಸ್ತಕವನ್ನೇ ತೆಗೆಯಬೇಕಾ?

‘ನನ್ನ ಮಗಳು ಎಂಟನೇ ಕ್ಲಾಸು. ಶಾಲೆಯ ಲೈಬ್ರರಿಯಿಂದ ತಂದ ಕಥಾಸಂಕಲನದ ಒಂದು ಪುಟದಲ್ಲಿ ಕೆಟ್ಟ ಬೈಗುಳ ಕಂಡು ಪುಸ್ತಕ ಕಿತ್ತಿಟ್ಟುಕೊಂಡಿದ್ದೇನೆ. ಅಮೆರಿಕದಲ್ಲೇ ಇಂಥವನ್ನು ಶಾಲೆಗಳಿಂದ ತೆಗೆಸುತ್ತಿದ್ದಾರೆ. ನೀವೂ ಬರೆದು ಒತ್ತಾಯಿಸಬಾರದೇಕೆ?’
– ಓದುಗರೊಬ್ಬರು, ದಾವಣಗೆರೆ

ನಮಸ್ಕಾರ ಸರ್. ಮಗಳು ಏನು ಓದ್ತಾಳೆ ಅಂತ ಪುಟ ತಿರುವಿ ನೋಡುವ ಅಪ್ಪಂದಿರು ಜಾಸ್ತಿ ಇಲ್ಲ. ನೀವು ನೋಡಿದ್ದು ನನಗೆ ಖುಷಿ. ಆದರೆ ನಿಮ್ಮ ಒತ್ತಾಯಕ್ಕೆ ನಾನು ದನಿಗೂಡಿಸಲಾರೆ.

ಅಮೆರಿಕದ ಮಾತು ಎತ್ತಿದ್ದೀರಿ, ಅಲ್ಲಿಂದಲೇ ಶುರು ಮಾಡೋಣ. 2022ರ ಜನವರಿಯಲ್ಲಿ ಟೆನೆಸಿ ರಾಜ್ಯದ ಮೆಕ್‌ಮಿನ್ ಕೌಂಟಿಯ ಶಾಲಾ ಮಂಡಳಿ ‘ಮೌಸ್’ ಅನ್ನೋ ಕಾಮಿಕ್ಸ್ ರೂಪದ ಪುಸ್ತಕವನ್ನು ಎಂಟನೇ ತರಗತಿಯ ಪಾಠದಿಂದ ತೆಗೆಯಿತು. ಹತ್ತಕ್ಕೆ ಹತ್ತೂ ಮತ ತೆಗೆಯಬೇಕು ಅಂತಲೇ ಬಿದ್ದವು. ಹಿಟ್ಲರನ ಶಿಬಿರದಿಂದ ಜೀವ ಉಳಿಸಿಕೊಂಡು ಬಂದ ಅಪ್ಪನ ಕಥೆಯನ್ನು ಮಗ ಬರೆದ ಪುಸ್ತಕ ಅದು. ಮಂಡಳಿಗೆ ಕಂಡಿದ್ದು ಒಂದಷ್ಟು ಬೈಗುಳ, ಒಂದು ಬೆತ್ತಲೆ ಚಿತ್ರ. ಆ ಚಿತ್ರ ಯಾರದು ಗೊತ್ತಾ? ಸ್ನಾನದ ತೊಟ್ಟಿಯಲ್ಲಿ ಪ್ರಾಣ ಕಳೆದುಕೊಂಡ ಲೇಖಕರ ತಾಯಿಯದು. ಇಡೀ ಕಥೆ ಓದಿದ ಮಗುವಿಗೆ ಅದನ್ನು ನೋಡಿ ಸಂಕಟ ಆಗುತ್ತೆ, ಬೇರೇನೂ ಅಲ್ಲ.

ಇದಕ್ಕೂ ಹಳೆಯದೊಂದಿದೆ. 1975ರಲ್ಲಿ ನ್ಯೂಯಾರ್ಕ್ ರಾಜ್ಯದ ಐಲೆಂಡ್ ಟ್ರೀಸ್ ಅನ್ನೋ ಕಡೆ ಶಾಲಾ ಮಂಡಳಿಯ ಇಬ್ಬರು, ‘ಬೇಡದ’ ಪುಸ್ತಕಗಳದೊಂದು ಪಟ್ಟಿಯನ್ನು ಎಲ್ಲಿಂದಲೋ ತಂದು ಹಿಡಿದು, ರಾತ್ರಿ ಹೊತ್ತು ಶಾಲೆಯ ನೌಕರನಿಂದ ಲೈಬ್ರರಿ ಬಾಗಿಲು ತೆಗೆಸಿದರು. ಪುಸ್ತಕ ಓದಲಿಕ್ಕಲ್ಲ, ಪಟ್ಟಿಯ ಹೆಸರುಗಳು ಅಲ್ಲಿನ ಪುಸ್ತಕಗಳ ವಿವರದ ಕಾರ್ಡುಗಳಲ್ಲಿ ಇವೆಯಾ ಅಂತ ಹುಡುಕಲಿಕ್ಕೆ. ತಾನೇ ನೇಮಿಸಿದ ಸಮಿತಿ ಆ ಪುಸ್ತಕಗಳನ್ನು ಓದಿ ಕೆಲವು ಇರಲಿ ಅಂದರೂ ಕೇಳದೆ ಮಂಡಳಿ ಬಹುಪಾಲನ್ನು ಲೈಬ್ರರಿಯಿಂದ ತೆಗೆಸಿತು. ಸ್ಟೀವನ್ ಪಿಕೊ ಎಂಬ ಹದಿನೇಳರ ಹುಡುಗ ಇನ್ನು ನಾಲ್ವರು ವಿದ್ಯಾರ್ಥಿಗಳ ಜೊತೆ ಕೋರ್ಟಿಗೆ ಹೋದ. 1982ರಲ್ಲಿ ಸುಪ್ರೀಂ ಕೋರ್ಟು ಐದು–ನಾಲ್ಕರಲ್ಲಿ ಹುಡುಗರ ಕಡೆ ನಿಂತಿತು. ಅದರಲ್ಲಿನ ವಿಚಾರ ಹಿಡಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಪುಸ್ತಕವನ್ನು ಶಾಲೆಯ ಲೈಬ್ರರಿಯಿಂದ ತೆಗೆಯುವಂತಿಲ್ಲ ಅಂತ ನ್ಯಾಯಮೂರ್ತಿ ಬ್ರೆನನ್ ಬರೆದರು. ಅಮೆರಿಕವನ್ನು ನೋಡಿ ಕಲಿಯೋದಾದರೆ ಆ ಹುಡುಗರಿಂದಲೂ ಕಲಿಯಬಹುದು, ಅಲ್ವಾ?

ನಮ್ಮಲ್ಲಿ ಸರ್ಕಾರ ಒಂದು ಪುಸ್ತಕವನ್ನು ಮುಟ್ಟುಗೋಲು ಹಾಕಬೇಕಾದರೆ ಕಾರಣ ಕೊಟ್ಟು ಅಧಿಸೂಚನೆ ಹೊರಡಿಸಬೇಕು. ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಲು ಅವಕಾಶವಿದೆ. ಶಾಲೆಯ ಬೀರುವಿನಿಂದ ಪುಸ್ತಕ ಮಾಯ ಆಗಲಿಕ್ಕೆ ಇದ್ಯಾವುದೂ ಬೇಕಿಲ್ಲ.

ನನ್ನ ಹೈಸ್ಕೂಲಿನಲ್ಲಿ ಹೆಡ್‌ಮಾಸ್ಟರ ಕೋಣೆಯ ಗಾಜಿನ ಬೀರುವೇ ಲೈಬ್ರರಿ. ಒಂದು ಕಾದಂಬರಿ ಅರ್ಧ ಓದಿದ್ದೆ, ವಾಯಿದೆ ಮುಗೀತು ಅಂತ ವಾಪಸ್ ಕೊಟ್ಟೆ. ಮುಂದಿನ ಶನಿವಾರ ಕೇಳಿದರೆ ಇಲ್ಲ. ಯಾರೋ ಪೋಷಕರು ಬಂದು ಮಾತಾಡಿ ಹೋಗಿದ್ದರಂತೆ. ರಿಜಿಸ್ಟರಿನಲ್ಲಿ ಆ ನಂಬರಿನ ಮೇಲೆ ಕೆಂಪು ಇಂಕಿನ ಗೆರೆ, ಷರಾ ಕಾಲಮ್ಮಿನಲ್ಲಿ ‘ಕಳೆದಿದೆ’. ತಂದುಕೊಟ್ಟವನು ನಾನೇ. ಕಳೆದಿಲ್ಲ ಅಂತ ನನಗೆ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು. ಆ ಒಂದು ಪದ ಇವತ್ತಿಗೂ ನನ್ನನ್ನು ಚುಚ್ಚುತ್ತೆ.

ಮೂರನೇ ಕ್ಲಾಸಿನ ಮಗುವಿಗೆ ಯಾವುದು, ಹತ್ತನೇ ಕ್ಲಾಸಿನವರಿಗೆ ಯಾವುದು ಅಂತ ಆರಿಸೋದು ಬೇರೆ. ಅದು ಮೇಷ್ಟ್ರ ಕೆಲಸ, ಆಗಲೇಬೇಕು. ನಿಮ್ಮ ಮಗಳಿಗೆ ಇದು ಬೇಡ ಅನ್ನೋ ಹಕ್ಕೂ ನಿಮಗಿದೆ. ಆದರೆ ಪಕ್ಕದ ಬೆಂಚಿನ ಹುಡುಗಿಗೂ ಬೇಡ ಅನ್ನೋದಕ್ಕೆ ಅವಳ ಮನೆಯವರನ್ನು ಯಾರೂ ಕೇಳಿಲ್ಲ. ಇನ್ನೂ ಒಂದು ವಿಷಯ. ಆ ಬೈಗುಳ ಯಾರ ಬಾಯಲ್ಲಿದೆ, ಯಾರಿಗೆ ಬೈದದ್ದು ಅಂತ ನಿಮ್ಮ ಪತ್ರದಲ್ಲಿಲ್ಲ. ಬರೀ ಆ ಪುಟ ಓದಿದ್ದೀರಿ ಅನಿಸುತ್ತೆ. ಕೂಲಿಯವನಿಗೆ ಯಜಮಾನ ಬಯ್ಯುವುದನ್ನು ಬರೆಯುವಾಗ ಕಥೆಗಾರ ಆ ಮಾತನ್ನು ತೊಳೆದು ಕೊಟ್ಟರೆ ಕೂಲಿಯವನ ನೋವೂ ತೊಳೆದು ಹೋಗುತ್ತೆ.

ಈ ಭಾನುವಾರ ಮಗಳ ಪಕ್ಕ ಕೂತು ಆ ಕಥೆಯನ್ನು ಮೊದಲಿಂದ ಕೊನೆಯವರೆಗೆ ಓದಿ. ಆಮೇಲೂ ತೆಗೆಯಲೇಬೇಕು ಅನಿಸಿದರೆ ಕಾರಣ ಬರೆದು ಕಳಿಸಿ, ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇವೆ. ಪುಸ್ತಕ ಮಾತ್ರ ವಾಯಿದೆಯೊಳಗೆ ಶಾಲೆಗೆ ವಾಪಸ್ ಕೊಡಿ ಸರ್.

– ಸಂಪಾದಕ