ಸದಸ್ಯರಿಗೆ ಮಾತ್ರ ಇರುವ ಬಾರ್‌ಗೆ ಅತಿಥಿಯಾಗಿ ಹೋದರೆ ಹೇಗಿರಬೇಕು, ಎಂತ ಕುಡಿಯಬೇಕು?

ನೀವು ಬರೆದದ್ದು ಇಷ್ಟು: ಮಂಗಳೂರಿಗೆ ಹೊಸಬರು. ಆಫೀಸಿನ ಹಿರಿಯರೊಬ್ಬರು ಶನಿವಾರ ರಾತ್ರಿ ತಮ್ಮ ಕ್ಲಬ್ಬಿನ ಬಾರ್‌ಗೆ ಕರೆದಿದ್ದಾರೆ. ಬಿಯರ್ ಬಿಟ್ಟರೆ ಬೇರೆ ಗೊತ್ತಿಲ್ಲ, ಕಾಕ್‌ಟೇಲ್ ಮೆನು ಅಂದರೆ ಹೆದರಿಕೆ.

ಹೆದರುವಂಥದ್ದು ಎಂತದೂ ಇಲ್ಲ ಮಾರಾಯ್ರೆ. ನನ್ನ ಭಾವ ಇಲ್ಲಿನ ಒಂದು ಕ್ಲಬ್ಬಿನ ಮೆಂಬರ್. ಅವರ ಬೆನ್ನಿಗೆ ಬಿದ್ದು ನಾನೂ ಆಗಾಗ ಹೋಗುವುದುಂಟು. ಒಂದು ಮಾತು ತಲೆಯಲ್ಲಿಟ್ಟುಕೊಳ್ಳಿ: ಅಲ್ಲಿ ನೀವು ಗಿರಾಕಿ ಅಲ್ಲ, ನೆಂಟರು.

ಸುಮ್ನೆ ಹೇಳಿದ್ದಲ್ಲ ಇದು. ನಮ್ಮ ರಾಜ್ಯದಲ್ಲಿ ಬಾರ್ ಆಂಡ್ ರೆಸ್ಟೋರೆಂಟಿಗೆ ಸಿಎಲ್-9 ಲೈಸೆನ್ಸ್, ಕ್ಲಬ್ಬಿಗೆ ಸಿಎಲ್-4. ಕ್ಲಬ್ಬಿನವರು ಮೆಂಬರುಗಳಿಗೆ ಮತ್ತು ಅವರ ಅತಿಥಿಗಳಿಗೆ ಮಾತ್ರ ಕೊಡಬಹುದು. ಅದಕ್ಕೇ ಬಾಗಿಲಲ್ಲಿ ಪುಸ್ತಕ ಇಟ್ಟು ನಿಮ್ಮ ಹೆಸರು ಬರೆಸುತ್ತಾರೆ, ಪಕ್ಕದಲ್ಲಿ ಮೆಂಬರ್ ಸಹಿ. ನೀವು ಮೊದಲೇ ಹೋಗಿ ಒಳಗೆ ಕೂತಿರುತ್ತೇನೆ ಅಂದರೆ ಆಗುವುದಿಲ್ಲ. ಅವರು ಬರುವವರೆಗೆ ಹೊರಗೆ ಕಾಯಿರಿ. ಬಿಲ್ಲೂ ಅವರ ಖಾತೆಗೇ ಹೋಗುತ್ತದೆ, ಪರ್ಸ್ ತೆಗೆದು ಜಗ್ಗಾಡಬೇಡಿ. ಬದಲಿಗೆ ಅವರು ಕುಡಿಯುವ ಅಂದಾಜಿನಲ್ಲೇ ನೀವೂ ಇರಿ. ಮೆನುವಿನಲ್ಲಿ ಸಿಂಗಲ್ ಮಾಲ್ಟ್ ಅನ್ನುವ ದುಬಾರಿ ವಿಸ್ಕಿಗಳ ಪುಟ ಅವರಾಗಿ ತೆರೆಯದೆ ನೀವು ತೆರೆಯಬೇಡಿ.

ಬಟ್ಟೆ: ಕಾಲರ್ ಇರುವ ಶರ್ಟ್, ಪ್ಯಾಂಟ್, ಶೂ. ಚಪ್ಪಲಿ, ಚಡ್ಡಿ, ರೌಂಡ್ ನೆಕ್ ಬೇಡ. ಮುಂಡು ಉಡುವ ಆಸೆ ಇದ್ದರೆ ಮೊದಲೇ ಕೇಳಿ. ಚೆನ್ನೈಯ ಒಂದು ಕ್ಲಬ್ಬಿನಲ್ಲಿ ಪಂಚೆ ಉಟ್ಟ ಹೈಕೋರ್ಟ್ ನ್ಯಾಯಾಧೀಶರನ್ನೇ ತಡೆದಿದ್ದರು. ಆ ಗಲಾಟೆ ಎಲ್ಲಿಗೆ ಹೋಯಿತೆಂದರೆ, 2014ರಲ್ಲಿ ತಮಿಳುನಾಡು ಸರ್ಕಾರ ಅದಕ್ಕೆಂದೇ ಕಾನೂನು ತಂದಿತು. ಇಷ್ಟು ಸೆಖೆಯ ಊರಿನಲ್ಲಿ ಮುಂಡು ಆಗದು, ಶೂ ಆಗಬೇಕು ಅನ್ನುವ ಲೆಕ್ಕ ನನಗಂತೂ ತಿಳಿದಿಲ್ಲ.

ಇನ್ನು ಕುಡಿಯುವ ವಿಷಯ. ಹಿರಿಯರು ಒಪ್ಪಿದರೆ ಟೇಬಲ್ ಬಿಟ್ಟು ಕೌಂಟರಿನಲ್ಲೇ ಕೂರಿ. ಮೆನುವಿನ ಹೆಸರುಗಳನ್ನು ಓದಿ ಪ್ರಯೋಜನ ಇಲ್ಲ, ಕೆಳಗೆ ಸಣ್ಣಕ್ಷರದಲ್ಲಿ ಏನೇನು ಹಾಕಿದ್ದಾರೆ ಅಂತ ಬರೆದಿರುತ್ತದಲ್ಲ, ಅದನ್ನು ನೋಡಿ. ನಿಂಬೆಯೋ ಹಣ್ಣಿನ ರಸವೋ ಇದ್ದರೆ ಸಾಮಾನ್ಯವಾಗಿ ಶೇಕರ್‌ನಲ್ಲಿ ಕುಲುಕಿ ಕೊಡುತ್ತಾರೆ, ಅದು ಹುಳಿ-ಸಿಹಿ. ಬರೀ ಮದ್ಯಗಳೇ ಸೇರಿದ್ದರೆ ಐಸ್ ಹಾಕಿ ಉದ್ದ ಚಮಚದಲ್ಲಿ ತಿರುಗಿಸುತ್ತಾರೆ, ಅದು ಖಡಕ್. ನೆಗ್ರೋನಿ ಈ ಎರಡನೇ ಜಾತಿ. ಜಿನ್, ಕಂಪಾರಿ ಅನ್ನುವ ಕೆಂಪು ಕಹಿ ಮದ್ಯ, ಸ್ವೀಟ್ ವರ್ಮೂತ್ ಅನ್ನುವ ಗಿಡಮೂಲಿಕೆ ಹಾಕಿದ ಸಿಹಿ ವೈನ್, ಮೂರೂ ಸಮ ಸಮ. ಕಹಿ ಜಾಸ್ತಿ, ಮೊದಲ ದಿನಕ್ಕೆ ಬೇಡ. ಬಿಯರ್ ಅಭ್ಯಾಸ ಇರುವ ನಿಮಗೆ ಟಾಮ್ ಕಾಲಿನ್ಸ್ ಹೇಳಿ ಮಾಡಿಸಿದ್ದು. ಜಿನ್, ನಿಂಬೆ, ಸಕ್ಕರೆ ಪಾಕ, ಮೇಲೆ ಸೋಡಾ. ಉದ್ದ ಗ್ಲಾಸು, ನಿಧಾನಕ್ಕೆ ಕುಡಿಯಬಹುದು.

ಏನೂ ತೋಚದಿದ್ದರೆ ನಿಮಗೆ ಯಾವ ರುಚಿ ಇಷ್ಟ ಅಂತ ಹೇಳಿ, ಉಳಿದದ್ದು ಕೌಂಟರಿನಲ್ಲಿ ಡ್ರಿಂಕ್ ಮಾಡುವವರಿಗೆ ಬಿಡಿ. ಒಂದು ಮಳೆಗಾಲದ ರಾತ್ರಿ ಬಾರ್ ಖಾಲಿ ಇತ್ತು. ಕೌಂಟರಿನ ಹುಡುಗ ‘ಎಂತ ಮಾಡಲಿ ಅಣ್ಣ?’ ಅಂದ. ‘ಸಿಹಿ ಬೇಡ, ಹುಳಿ ಇರಲಿ’ ಅಂದೆ. ಒಣಗಿದ ಪುನರ್ಪುಳಿ (ಕೋಕಂ) ಸಿಪ್ಪೆ ನೆನೆಸಿದ ಕಡುಗೆಂಪು ನೀರಿನ ಬಾಟಲಿ ಕೆಳಗಿನಿಂದ ತೆಗೆದ. ಶೇಕರ್‌ಗೆ ಒಂದು ಗಾಂಧಾರಿ ಮೆಣಸು ಹಾಕಿ ಮರದ ಕೋಲಿನಿಂದ ಮೆತ್ತಗೆ ಒತ್ತಿದ. ಅಳತೆಯ ಜಿನ್, ಪುನರ್ಪುಳಿ, ಸ್ವಲ್ಪ ಸಕ್ಕರೆ ಪಾಕ, ಚಿಟಿಕೆ ಉಪ್ಪು. ಸ್ಟೀಲಿನ ಹೊರಗೆ ಬಿಳಿ ಮಂಜು ಕಟ್ಟುವವರೆಗೆ ಕುಲುಕಿದ. ಮೆಣಸಿನ ಬೀಜ ಬರಬಾರದು ಅಂತ ಚಹಾ ಸೋಸುವಂಥ ಜರಡಿ ಹಿಡಿದು ಒಂದು ದೊಡ್ಡ ಐಸ್ ಗಡ್ಡೆಯ ಮೇಲೆ ಸುರಿದ. ದೊಡ್ಡ ಗಡ್ಡೆ ಬೇಗ ಕರಗುವುದಿಲ್ಲ, ಕೊನೆಯವರೆಗೆ ರುಚಿ ನೀರಾಗುವುದಿಲ್ಲ. ಬಾಯಲ್ಲಿ ಉಪ್ಪು-ಹುಳಿ, ನುಂಗಿದ ಮೇಲೆ ಗಂಟಲಲ್ಲಿ ಖಾರ. ಮೆನುವಿನಲ್ಲಿ ಹುಡುಕಿದರೆ ಅಂಥದ್ದೊಂದು ಇರಲೇ ಇಲ್ಲ! ಭಾವ ತಮ್ಮ ವಿಸ್ಕಿ-ಸೋಡಾದಿಂದ ತಲೆ ಎತ್ತಿ, ‘ಅದು ಪಿತ್ತಕ್ಕೆ ಕುಡಿಯುವುದಲ್ವಾ ಮಾರಾಯ?’ ಅಂದರು.

ಮೆಣಸು ಹಾಕುವುದು ಹೊಸತೇನಲ್ಲ ಬಿಡಿ. 1995ರಲ್ಲಿ ಲಂಡನ್ನಿನಲ್ಲಿ ಶುರುವಾದ ಸೋಹೊ ಹೌಸ್ ಅನ್ನುವ ಮೆಂಬರ್ಸ್ ಕ್ಲಬ್ ಉಂಟಲ್ಲ, 2018ರಲ್ಲಿ ಮುಂಬೈ ಜುಹುವಿಗೂ ಬಂತು. ಅವರದ್ದೇ ಹೆಸರುವಾಸಿ ಡ್ರಿಂಕ್ ಪಿಕಾಂಟೆ. ಟಕೀಲಾ, ನಿಂಬೆ, ಮೆಣಸು, ಕೊತ್ತಂಬರಿ ಸೊಪ್ಪು. ಈಗ ಅದನ್ನು ಕ್ಲಬ್ಬಿನ ಹೊರಗೂ ಎಷ್ಟೋ ಬಾರ್‌ಗಳು ಮಾಡುತ್ತವೆ. ಖಾರ ಇಷ್ಟ ಇದ್ದರೆ ಕೇಳಿ ನೋಡಿ.

ಬಿಯರ್ ಕುಡಿಯುವವರು ಎಡವುವುದು ಲೆಕ್ಕದಲ್ಲಿ. ನಮ್ಮಲ್ಲಿ ಸಿಗುವ ಹೆಚ್ಚಿನ ಜಿನ್, ವಿಸ್ಕಿಯಲ್ಲಿ ಆಲ್ಕೋಹಾಲ್ 42.8 ಶೇಕಡಾ. ಅದರ 60 ಎಂಎಲ್ ಹಾಕಿದ ಒಂದು ಕಾಕ್‌ಟೇಲ್ ಅಂದರೆ 5 ಶೇಕಡಾದ 650 ಎಂಎಲ್ ಬಿಯರ್ ಬಾಟಲಿಯ ಮುಕ್ಕಾಲಿಗಿಂತ ಜಾಸ್ತಿ. ಸಿಹಿ-ಹುಳಿ ಇರುವುದರಿಂದ ನಾಲಿಗೆಗೆ ಗೊತ್ತಾಗುವುದಿಲ್ಲ. ಎರಡು ಸಾಕು, ನಡುವೆ ನೀರು. ಖಾಲಿ ಹೊಟ್ಟೆಯಲ್ಲಿ ಬೇಡ, ಕೂತ ಕೂಡಲೇ ಕಾಣೆ ಮೀನಿನ ಫ್ರೈ ಹೇಳಿಬಿಡಿ. ಅಡುಗೆಮನೆ ಬಾರ್‌ಗಿಂತ ಮೊದಲೇ ಮುಚ್ಚುವುದುಂಟು.

ಬೇರೆ ಟೇಬಲಿನವರ ಫೋಟೊ ತೆಗೆಯಬೇಡಿ. ಊರಿನ ಡಾಕ್ಟರು, ವಕೀಲರು ಅಲ್ಲಿಗೆ ಬರುವುದೇ ಯಾರ ಕಣ್ಣಿಗೂ ಬೀಳದೆ ಕೂರಲಿಕ್ಕೆ.

ಗಾಡಿ ಮನೆಯಲ್ಲೇ ಬಿಡಿ. 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಕೇಸು. ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ರಾತ್ರಿ ಹತ್ತರ ಮೇಲೆ ಆಟೊದವರು ಒಂದೂವರೆ ಬಾಡಿಗೆ ಕೇಳುತ್ತಾರೆ. ಚರ್ಚೆ ಮಾಡದೆ ಕೊಟ್ಟುಬಿಡಿ.