ಲೆಕ್ಕ ಸರಿ ಇದೆ, ಪ್ಯಾಸೆಂಜರ್ ಇಲ್ಲ

ಹಾಸನಾಂಬೆ ಬಾಗಿಲು ತೆಗೆದ ವಾರ ಅದು. ಊರ ತುಂಬ ಜನವೋ ಜನ. ಅವತ್ತು ಆಪ್ತಸಲಹೆಗೆ ಅಂತ ನನ್ನಲ್ಲಿಗೆ ಬರಬೇಕಿದ್ದ ಇಬ್ಬರು ದಾರಿಯಲ್ಲೇ ಸಿಕ್ಕಿಕೊಂಡು ಬರಲಿಲ್ಲ. ಬಂದದ್ದು ಒಬ್ಬರೇ, ಅದೂ ಹೇಳಿದ್ದಕ್ಕಿಂತ ಕಾಲು ಗಂಟೆ ಮೊದಲು. ಸರ್ಕಾರಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿ ನಿವೃತ್ತರಾದವರು, ವಯಸ್ಸು 62. ಹೊತ್ತಿಗೆ ಮುಂಚೆ ಬಂದು ನಿಲ್ಲೋದು ಅವರಿಗೆ ಮೈಗೆ ಅಂಟಿದ ಅಭ್ಯಾಸ. ಇಲ್ಲಿ ಅವರನ್ನು ರಂಗಣ್ಣ ಅಂತ ಕರೆಯುತ್ತೇನೆ. ಅವರು ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ.

ಕರೆದುಕೊಂಡು ಬಂದವಳು ಸೊಸೆ. "ಮಾವ ಮಾತೇ ಆಡ್ತಿಲ್ಲ ಮೇಡಂ. ಮೂರೂವರೆಗೆ ಎದ್ದು ಮಾಲೆ ಹಿಡ್ಕೊಂಡು ಕೂತ್ಬಿಡ್ತಾರೆ. ಹಗಲೆಲ್ಲ ತೂಕಡಿಕೆ. ಊಟಕ್ಕೆ ಕರೆದ್ರೆ ಸಿಡುಕು. ದೇವರ ಧ್ಯಾನ ಮಾಡಿದ್ರೆ ಮನುಷ್ಯ ಮೆತ್ತಗಾಗ್ಬೇಕು ಅಲ್ವಾ? ಇವ್ರು ಇನ್ನೂ ಒರಟಾಗ್ತಿದಾರೆ."

ಅವಳನ್ನು ಹೊರಗೆ ಕೂರಿಸಿ ರಂಗಣ್ಣನವರ ಜೊತೆ ಮಾತಿಗೆ ಕೂತೆ. ಅವರು ಮೊದಲು ಮಾಡಿದ ಕೆಲಸ ಅಂದರೆ ಜೇಬಿನಿಂದ ಒಂದು ನೋಟ್‌ಬುಕ್ ತೆಗೆದು ನನ್ನ ಮುಂದೆ ಇಟ್ಟಿದ್ದು. ಗೆರೆ ಎಳೆದ ಪುಟ. ತಾರೀಕು, ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಎಷ್ಟು ಮಾಲೆ, ಒಟ್ಟು ಎಷ್ಟು. ಥೇಟ್ ವೇಬಿಲ್, ಕಂಡಕ್ಟರ್ ತುಂಬುವ ಟಿಕೆಟ್ ಲೆಕ್ಕದ ಹಾಳೆ.

ಶುರುವಾದದ್ದು ಒಂದು ಮಾಲೆಯಿಂದ. ಬೀದಿಯ ಭಜನೆ ಮಂಡಳಿಯಲ್ಲಿ ಯಾರೋ 'ಓಂ ನಮೋ ಭಗವತೇ ವಾಸುದೇವಾಯ' ಅಂತ ದ್ವಾದಶಾಕ್ಷರಿ ಹೇಳಿಕೊಟ್ಟರು. ಒಂದು ಐದಾಯಿತು. ಇಸ್ಕಾನ್‌ನವರು ದಿನಕ್ಕೆ 16 ಮಾಲೆ ಮಾಡುತ್ತಾರೆ ಅಂತ ಕೇಳಿದ ಮೇಲೆ ಹದಿನಾರಾಯಿತು. ನಾನು ನೋಡುವಾಗ ನಲವತ್ತಕ್ಕೆ ಬಂದಿತ್ತು. ಮಾಲೆಗೆ 108ರಂತೆ 4,320 ಜಪ. ಕೋಟಿ ಮುಟ್ಟಲು ಆರು ವರ್ಷ ನಾಲ್ಕು ತಿಂಗಳು ಬೇಕು ಅಂತಲೂ ಹಿಂದಿನ ರಟ್ಟಿನ ಮೇಲೆ ಲೆಕ್ಕ ಹಾಕಿಟ್ಟಿದ್ದರು.

"ಮಂಡಳಿನಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. ಒಬ್ರಿಗೆ ಕಣ್ಣೀರು ಬತ್ತದಂತೆ, ಇನ್ನೊಬ್ರಿಗೆ ಎದುರಿಗೇ ನಿಂತಂಗೆ ಆಯ್ತದಂತೆ. ನಂಗೆ ಏನೂ ಇಲ್ಲ ಮೇಡಂ," ಅಂದರು. ಸ್ವಲ್ಪ ಹೊತ್ತು ನೋಟ್‌ಬುಕ್ ನೋಡುತ್ತಾ ಕೂತರು. "ಲೆಕ್ಕ ಸರಿ ಅದೆ. ಬಸ್ಸಲ್ಲಿ ಪ್ಯಾಸೆಂಜರ್ ಇಲ್ಲ."

ನಾನು ಮಾಡಿದ ತಪ್ಪನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಅವರ ಹೆಂಡತಿ ತೀರಿಕೊಂಡಿದ್ದರು. ಆ ದಿನ ರಂಗಣ್ಣ ಸಕಲೇಶಪುರದ ಕಡೆ ಒಂದು ಹಳ್ಳಿಯಲ್ಲಿ ನೈಟ್ ಹಾಲ್ಟ್. ಬೆಳಗಿನ ಜಾವ ಮನೆಯಲ್ಲಿ ಹೃದಯಾಘಾತ. ಆ ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ. ಮೊದಲ ಟ್ರಿಪ್ ಪೇಟೆ ಮುಟ್ಟಿದ ಮೇಲೆಯೇ ಇವರಿಗೆ ಸುದ್ದಿ. ಇದನ್ನು ಕೇಳಿದ ಕೂಡಲೇ ನಾನು ಮನಸ್ಸಿನಲ್ಲೇ ತೀರ್ಮಾನ ಬರೆದುಬಿಟ್ಟೆ: ಇದು ದುಃಖ, ಜಪ ಬರೀ ಹೊದಿಕೆ. "ಸ್ವಲ್ಪ ದಿನ ಜಪ ಬದಿಗಿಟ್ಟು ನಿಮ್ಮ ಯಜಮಾನರ ಬಗ್ಗೆ ಮಾತಾಡೋಣವಾ?" ಅಂತ ಕೇಳಿದೆ. 'ಯಜಮಾನರು' ಅನ್ನೋದು ನಮ್ಮ ಕಡೆ ಗಂಡನಿಗೆ ಹೇಳುವ ಮಾತು, ಹೆಂಡತಿಗಲ್ಲ ಅನ್ನೋದು ಬಾಯಿಂದ ಬಂದ ಮೇಲೆ ಹೊಳೆಯಿತು, ಅವರು ನಗಲಿಲ್ಲ. ಎದ್ದು ನಿಂತರು. "ಅವಳನ್ನೂ ಕಳ್ಕೊಂಡೆ. ನೀವು ಇದನ್ನೂ ಬುಟ್ಬುಡಿ ಅಂತೀರಿ."

ಎರಡನೇ ಭೇಟಿಗೆ ಬರುತ್ತಾರೋ ಇಲ್ಲವೋ ಅನ್ನೋ ಅನುಮಾನ ಇತ್ತು. ಬಂದರು. ನಾನು ಮೊದಲು ಕ್ಷಮೆ ಕೇಳಿದೆ.

ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ. ನಿದ್ದೆ ಎಷ್ಟು, ಊಟ ಹೇಗೆ, ತೂಕ ಇಳಿದಿದೆಯಾ, ಬದುಕು ಸಾಕು ಅನ್ನಿಸುತ್ತಾ, ಜಪದ ಹೊತ್ತಲ್ಲಿ ಯಾರಾದರೂ ಮಾತಾಡಿದ ಹಾಗೆ ಕೇಳುತ್ತಾ. ಕೊನೆಯ ಎರಡಕ್ಕೂ ಇಲ್ಲ ಅಂದರು. ಆದರೂ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ಒಮ್ಮೆ ತೋರಿಸಲು ಕಳಿಸಿದೆ. ಇವರಿಗೆ ಮಾತ್ರೆ ಬೇಡ ಅಂತ ವೈದ್ಯರು ಅಂದರು. ಇನ್ನೊಬ್ಬರಿಗೆ ಬೇಕಾಗಬಹುದು, ಆಗ ಜಪ ಮಾತ್ರೆಯ ಜಾಗಕ್ಕೆ ಬರುವುದಿಲ್ಲ. ಇಂಥ ಪ್ರಶ್ನೆಗೆ 'ಹೌದು' ಅನ್ನುವವರು ಯಾರಾದರೂ ಇದನ್ನು ಓದುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಆಮೇಲೆ "ನನ್ನ ಮುಂದೆ ಒಂದು ಮಾಲೆ ಮಾಡಿ ಸರ್," ಅಂದೆ. ತುಳಸಿ ಮಾಲೆ, ಮಣಿಗಳು ಸವೆದು ನುಣ್ಣಗಾಗಿದ್ದವು. ಬಾಯಿ ಅಲ್ಲಾಡಲಿಲ್ಲ, ಬೆರಳು ಮಾತ್ರ ಓಡಿತು. ಮೂರೇ ನಿಮಿಷಕ್ಕೆ ಮಾಲೆ ಮುಗಿಯುವ ಗುರುತಿನ ದೊಡ್ಡ ಮಣಿ, ಮೇರು ಮಣಿ ಬಂತು. 180 ಸೆಕೆಂಡಿಗೆ 108. ಒಂದು ಮಂತ್ರಕ್ಕೆ ಎರಡು ಸೆಕೆಂಡೂ ಇಲ್ಲ. ಬಾಯಿಬಿಟ್ಟು ಹೇಳಿದರೆ ಆ ಹೊತ್ತಲ್ಲಿ ಹನ್ನೆರಡು ಅಕ್ಷರ ನೆಟ್ಟಗೆ ಬರೋದು ಕಷ್ಟ. ಕೇಳಿದರೆ, "ಮಾನಸಿಕ ಜಪವೇ ಶ್ರೇಷ್ಠ ಅಂದ್ರು," ಅಂದರು. ಹೌದು, ಗಟ್ಟಿಯಾಗಿ ಹೇಳುವ ವಾಚಿಕ, ತುಟಿಯಲ್ಲೇ ಆಡುವ ಉಪಾಂಶು, ಮನಸ್ಸಿನಲ್ಲೇ ನಡೆಯುವ ಮಾನಸಿಕ ಅಂತ ಮೂರು ಬಗೆ ಹೇಳುತ್ತಾರೆ, ಮೂರನೆಯದನ್ನು ಮೇಲೆ ಇಡುತ್ತಾರೆ. ಆದರೆ ಮೇಲಿನದು ಅಂದಮಾತ್ರಕ್ಕೆ ಮೊದಲ ದಿನವೇ ಅಲ್ಲಿಗೆ ಜಿಗಿಯಬೇಕು ಅಂತ ಯಾರು ಹೇಳಿದರು? ತಲೆಯೊಳಗೆ ಜಪ ನಡೆಯುತ್ತಿದೆ ಅಂದುಕೊಂಡಾಗ ನಿಜವಾಗಿ ಏನು ನಡೆಯುತ್ತಿತ್ತು ಅಂತ ಕೇಳಿದೆ. "ಎಷ್ಟಾಯ್ತು, ಇನ್ನೆಷ್ಟದೆ, ಅಷ್ಟೇಯ," ಅಂದರು.

ಹಾಗಾದರೆ ಅವರು ಯಾರನ್ನು ಕರೆಯುತ್ತಿದ್ದರು? ಈ ಪ್ರಕರಣದಲ್ಲಿ ನನಗೆ ಮುಖ್ಯ ಅನ್ನಿಸಿದ ಪ್ರಶ್ನೆ ಇದೇ. ಸಂಬಂಧ ಬೇಕು ಅನ್ನುತ್ತೇವೆ. ಸಂಬಂಧಕ್ಕೆ ಎದುರಿಗೆ ಒಬ್ಬರು ಬೇಕು. ರಂಗಣ್ಣ ಒಂದು ಹೆಸರನ್ನು ದಿನಕ್ಕೆ ನಾಲ್ಕು ಸಾವಿರ ಸಲ ಕೂಗುತ್ತಿದ್ದರು, ಆದರೆ ಒಂದು ಸಲವೂ ತಿರುಗಿ ನೋಡಲು ಬಿಡುವು ಕೊಟ್ಟಿರಲಿಲ್ಲ.

"ಘಾಟಿಯಲ್ಲಿ ಬ್ರೇಕ್ ಹಿಡೀದಿದ್ದಾಗ ಬಾಯಿಗೆ ಏನು ಬರ್ತಿತ್ತು?" ಅಂತ ಕೇಳಿದೆ. ಯೋಚಿಸಲೂ ಇಲ್ಲ. "ಅಪ್ಪಾ ವೆಂಕಟ್ರಮಣಾ!" ಅರಸೀಕೆರೆ ಕಡೆಯವರು ಅವರು. ಮನೆದೇವರು ಮಾಲೇಕಲ್ ತಿರುಪತಿಯ ವೆಂಕಟರಮಣ. ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಬೆಟ್ಟದ ಮೆಟ್ಟಿಲು ಹತ್ತಿದ್ದು, ಮುಡಿ ಕೊಟ್ಟು ತಲೆ ಚುರುಗುಟ್ಟಿದ್ದು, ಅಲ್ಲಿನ ಕೋತಿ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡಿದ್ದು, ಎಲ್ಲ ಹೇಳಿದರು. ಎರಡು ಭೇಟಿಯಲ್ಲಿ ಅವರ ಮುಖ ಅರಳಿದ್ದು ಆಗಲೇ ಮೊದಲು.

ವಾಸುದೇವನೂ ವೆಂಕಟರಮಣನೂ ಬೇರೆಯಲ್ಲ ಅಂತ ಅವರಿಗೆ ನಾನು ಹೇಳಿಕೊಡಬೇಕಿರಲಿಲ್ಲ. ಆದರೆ ಒಂದು ಹೆಸರಿನ ಜೊತೆ ನೆನಪಿದೆ, ಇನ್ನೊಂದರ ಜೊತೆ ಬರೀ ಲೆಕ್ಕ. ಅವರಿಗೆ ಗುರುಗಳ ಉಪದೇಶ ಆಗಿರಲಿಲ್ಲ, ಹಾಗಾಗಿ ಹೆಸರು ಬದಲಿಸುವುದಕ್ಕೆ ತೊಡಕಿರಲಿಲ್ಲ. ದೀಕ್ಷೆಯಾಗಿ ಮಂತ್ರ ಪಡೆದವರು ಈ ವಿಷಯ ಗುರುಗಳನ್ನೇ ಕೇಳಬೇಕು. ಅದು ಆಪ್ತಸಲಹೆಗಾರರ ಕೆಲಸ ಅಲ್ಲ. ದೇವರು ಓಗೊಡುತ್ತಾನಾ ಅನ್ನೋದೂ ನನ್ನ ಕೆಲಸ ಅಲ್ಲ. ಕರೆಯುವ ಮನುಷ್ಯನಿಗೆ ಏನಾಗುತ್ತಿದೆ ಅನ್ನೋದಷ್ಟೇ ನಾನು ನೋಡಬಲ್ಲೆ.

ಕೊಟ್ಟ ಸಲಹೆ ಹೀಗಿತ್ತು. ನೋಟ್‌ಬುಕ್ ಸೊಸೆಯ ಕೈಗೆ. ಏಳುವುದು ಐದಕ್ಕೆ, ಅದಕ್ಕಿಂತ ಮೊದಲು ಬೇಡ. ನಲವತ್ತು ಮಾಲೆ ಹೋಗಿ ಒಂದೇ ಮಾಲೆ. ಅದೂ ತನ್ನ ಕಿವಿಗೆ ಕೇಳುವಷ್ಟು ದನಿ ತೆಗೆದು, ಒಂದು ಉಸಿರು ಬಿಡುವಾಗ ಒಂದು ಸಲ 'ಓಂ ನಮೋ ವೆಂಕಟೇಶಾಯ'. ನಿಧಾನವಾಗಿ, ನಿಮಿಷಕ್ಕೆ ಆರು ಉಸಿರಿನಂತೆ ಮಾಡಿದರೆ ಒಂದು ಮಾಲೆಗೆ 18 ನಿಮಿಷ. ಆರು ಅನ್ನೋದು ನಾನು ಸುಮ್ನೆ ಹೇಳಿದ್ದಲ್ಲ. ಇಟಲಿಯ ಬರ್ನಾರ್ಡಿ ಮತ್ತು ಅವರ ಜೊತೆಗಾರರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕ್ರೈಸ್ತರ ಜಪಸರದ ಪ್ರಾರ್ಥನೆ ಹೇಳಿದಾಗಲೂ 'ಓಂ ಮಣಿ ಪದ್ಮೇ ಹೂಂ' ಹೇಳಿದಾಗಲೂ ಉಸಿರು ತಾನಾಗಿ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು, ಎದೆಬಡಿತ ಮತ್ತು ರಕ್ತದ ಒತ್ತಡದ ಏರಿಳಿತ ಅದಕ್ಕೆ ಹೊಂದಿಕೊಂಡು ಸಾಗಿತು. ನೋಡಿದ್ದು 23 ಜನರನ್ನು ಮಾತ್ರ, ಹಾಗಾಗಿ ಅದರಿಂದ ದೇವರನ್ನು ಸಾಬೀತು ಮಾಡಲು ಹೋಗಬೇಡಿ. ಮೈ ನೆಮ್ಮದಿಗೆ ಬಂದರೆ ಮನಸ್ಸು ಕೂರಲು ಒಂದು ಜಾಗ ಸಿಗುತ್ತದೆ, ನನಗೆ ಬೇಕಿದ್ದದ್ದು ಅಷ್ಟೇ.

ಇನ್ನೊಂದು ಸಲಹೆಗೆ ಅವರು ಬಹಳ ನಾಚಿಕೊಂಡರು. ಮಾಲೆ ಮುಟ್ಟುವ ಮೊದಲು ಐದು ನಿಮಿಷ ದೇವರ ಜೊತೆ ಮಾತಾಡಬೇಕು. ಸಂಸ್ಕೃತ ಬೇಡ, ಸ್ತೋತ್ರ ಬೇಡ, ಅರಸೀಕೆರೆ ಕನ್ನಡ ಸಾಕು. ಮಂಡಿನೋವು, ಕರೆಂಟ್ ಬಿಲ್, ಏನಿದೆಯೋ ಅದು. ಕೋಪ ಬಂದರೆ ಬೈಯಬಹುದಾ ಅಂತ ಕೇಳಿದರು. ನಮ್ಮ ದಾಸರು ಬೈದದ್ದನ್ನೇ ಹಾಡು ಮಾಡಿ ನಿಂದಾಸ್ತುತಿ ಅಂತ ಕರೆದರು, ನೀವೂ ಬೈಯಿರಿ ಅಂದೆ. ಮೇರು ಮಣಿಯನ್ನು ದಾಟಬಾರದು, ಅಲ್ಲಿಂದ ಮಾಲೆ ತಿರುಗಿಸಬೇಕು ಅನ್ನೋ ಸಂಪ್ರದಾಯ ಅವರಿಗೆ ಗೊತ್ತಿತ್ತು. ಇನ್ನು ಮೇಲೆ ಅಲ್ಲಿಗೆ ಬಂದಾಗ ತಿರುಗಿಸುವುದೂ ಬೇಡ, ಸುಮ್ಮನೆ ಒಂದೆರಡು ನಿಮಿಷ ಕೂತಿರಿ ಅಂದೆ. ಏನಾದರೂ ಆಗಲಿ ಅಂತ ಕಾಯುವುದೂ ಬೇಡ. ಮಂಡಳಿಗೆ ಹೋಗಿ, ಹಾಡಿ, ಕೋಸಂಬರಿ ತಿನ್ನಿ, ಅನುಭವ ಹೇಳುವ ಹೊತ್ತಿಗೆ ಎದ್ದು ಬನ್ನಿ.

ಮೊದಲ ವಾರ ಹಿಂಸೆಯಾಯಿತಂತೆ. ಲೆಕ್ಕ ಇಲ್ಲದೆ ಕೈ ಕಟ್ಟಿಹಾಕಿದ ಹಾಗೆ. ಒಂದು ದಿನ ಸೊಸೆಗೆ ಗೊತ್ತಾಗದಂತೆ ಕ್ಯಾಲೆಂಡರ್ ಮೇಲೆ ಗೀಟು ಹಾಕಿಬಿಟ್ಟರು. ನಾಲ್ಕನೇ ಭೇಟಿಯಲ್ಲಿ, ನಾನು ಕೇಳದೆಯೇ, ಮಾಲೆಯ ವಿಷಯ ತೆಗೆದರು. ಅದು ಹೆಂಡತಿಯದು. ಒಲೆ ಮುಂದೆ ನಿಂತು ಮುದ್ದೆ ತಿರುವುತ್ತಲೇ ಅವರು ನಾಮ ಹೇಳಿಕೊಳ್ಳುತ್ತಿದ್ದರಂತೆ. "ಏನ್ ಗೊಣಗ್ತೀಯಾ ಅಂತ ರೇಗ್ತಿದ್ದೆ," ಅಂದರು. ಆ ಬೆಳಗ್ಗೆಯ ನೈಟ್ ಹಾಲ್ಟ್ ಬಗ್ಗೆಯೂ ಆಗಲೇ ಪೂರ್ತಿ ಮಾತಾಡಿದ್ದು. ಅತ್ತರು. ಮಂಡಳಿಯವರು ಹೇಳುವ ಕಣ್ಣೀರು ಇದಲ್ಲ ಅಂತ ತಾವೇ ಅಂದರು. ನಾನು ಸುಮ್ಮನಿದ್ದೆ. ಅವರು ಹುಡುಕುತ್ತಿದ್ದದ್ದು ದೇವರನ್ನೋ ಹೆಂಡತಿಯನ್ನೋ ಅಂತ ಬೇರೆ ಮಾಡಿ ತೋರಿಸಲು ಮೊದಲ ಸಲ ಹೋಗಿ ಎಡವಿದ್ದೆನಲ್ಲ.

ಏನೂ ಅನ್ನಿಸದ ದಿನ ಏನು ಮಾಡುತ್ತೀರಿ ಅಂತ ಮಾತ್ರ ಕೇಳಿದೆ. "ಹಾಸನಾಂಬೆ ಬಾಗ್ಲು ವರ್ಷಕ್ಕೆ ಒಂದೇ ಸಲ ಅಲ್ವಾ ತೆಗೆಯೋದು," ಅಂದರು. "ಮಿಕ್ಕಿದ್ ದಿನ ಜನ ಮುಚ್ಚಿದ್ ಬಾಗ್ಲಿಗೇ ಕೈ ಮುಗ್ದು ಹೋಯ್ತಾರೆ. ಒಳಗವ್ಳೆ ಅಂತ ಗೊತ್ತಲ್ಲ." ಇದನ್ನು ನಾನು ಹೇಳಿಕೊಟ್ಟಿದ್ದಲ್ಲ.

ಕಾಫಿ ಹೂ ಬಿಡುವ ಹೊತ್ತಿಗೆ ಭೇಟಿಗಳನ್ನು ತಿಂಗಳಿಗೊಂದು ಮಾಡಿಕೊಂಡೆವು. ನಿದ್ದೆ ಆರೂವರೆ ಗಂಟೆಗೆ ಬಂದಿತ್ತು. ಸಿಡುಕು ಹೋಗಿಲ್ಲ, ಕಮ್ಮಿಯಾಗಿದೆ ಅಂತ ಸೊಸೆ ಹೇಳಿದಳು. ಕೊನೆಯ ಸಲ ಬಂದಾಗ ರಂಗಣ್ಣ ಒಂದು ತಪ್ಪು ಒಪ್ಪಿಸುವವರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತರು. ಹಿಂದಿನ ದಿನ ಜಪದ ನಡುವೆ ಮೊಮ್ಮಗಳ ಶಾಲೆ ಡ್ಯಾನ್ಸ್ ನೆನಪಾಗಿ, ಅದನ್ನು ದೇವರಿಗೂ ಹೆಂಡತಿಗೂ ಹೇಳುತ್ತಾ ಕೂತುಬಿಟ್ಟರಂತೆ. ಮಾಲೆ ಅರ್ಧಕ್ಕೇ ನಿಂತಿದೆ.

"ನಾಳೆ ಎಲ್ಲಿಂದ ಶುರು ಮಾಡ್ಲಿ ಮೇಡಂ? ಬುಟ್ಟಿದ್ ಮಣಿಯಿಂದ್ಲಾ, ಮೊದ್ಲಿಂದ್ಲಾ?"

"ವೇಬಿಲ್ ಇಲ್ವಲ್ಲ ಸರ್," ಅಂದೆ. "ಎಲ್ಲಿ ಬೇಕಾದ್ರೂ ಹತ್ತಿ."